ಕಡೆಯ ತೀರ್ಪನ್ನು ಮೊದಲೇ ಕೊಟ್ಟವರು

ನಮ್ಮ ಊರಿನ ಉಪದೇಶಿಗಳು ಹೋದ ತಿಂಗಳು ತೀರಿಕೊಂಡರು. ಫೋನಿನಲ್ಲಿ ಸುದ್ದಿ ತಿಳಿಸಿದ ನನ್ನ ಅವ್ವ, “ಹೋದ್ರು ಕಣವ್ವ” ಎಂದಷ್ಟೇ ಹೇಳಿದಳು. ಎಲ್ಲಿಗೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಊರಿನಲ್ಲಿ ಯಾರೇ ಸತ್ತರೂ ಅವರು ಎಲ್ಲಿಗೆ ಹೋದರೆಂದು ಖಚಿತವಾಗಿ ತಿಳಿಸುವ ಹೊಣೆ ನಲವತ್ತು ವರ್ಷಗಳಿಂದ ಅವರೊಬ್ಬರದೇ ಆಗಿತ್ತು. ಈಗ ಅವರೇ ಹೊರಟುಹೋದುದರಿಂದ ಆ ಹುದ್ದೆ ಖಾಲಿ ಬಿದ್ದಿದೆ. ಅರ್ಜಿ ಹಾಕಿದವರು ಯಾರೂ ಇಲ್ಲವೆಂದು ಕೇಳಿದ್ದೇನೆ.

ಕ್ರೈಸ್ತರಲ್ಲದ ಓದುಗರ ಅನುಕೂಲಕ್ಕಾಗಿ ಇಲ್ಲಿ ಸ್ವಲ್ಪ ವಿವರಣೆ ಅಗತ್ಯವೆಂದು ಭಾವಿಸುತ್ತೇನೆ. ರಾಮನಗರದ ಹತ್ತಿರದ ಕೈಲಾಂಚದಿಂದ ಒಳಕ್ಕಿರುವ ನಮ್ಮ ಊರಿನಲ್ಲಿ ಕ್ರೈಸ್ತರ ಒಂದು ಬೀದಿ, ಆ ಬೀದಿಯ ಕೊನೆಗೆ ನಾವು ಗುಡಿ ಎನ್ನುವ ಒಂದು ಸಣ್ಣ ಚರ್ಚು ಇವೆ. ನಾವು ಸ್ವಾಮಿಗಳೆಂದು ಕರೆಯುವ ಗುರುಗಳು ಭಾನುವಾರಕ್ಕೊಮ್ಮೆ ಮೋಟಾರು ಬೈಕಿನಲ್ಲಿ ಬಂದು ಪೂಜೆ ಅರ್ಪಿಸಿ ಹೋಗುತ್ತಿದ್ದರು. ಉಳಿದ ಆರು ದಿನ ದೇವರ ಕಡೆಯ ವ್ಯವಹಾರವನ್ನೆಲ್ಲ ನೋಡಿಕೊಳ್ಳುವವರು ಉಪದೇಶಿ. ಮಕ್ಕಳಿಗೆ ಜ್ಞಾನೋಪದೇಶ ಕಲಿಸುವುದು, ಸಂಜೆ ಜಪಸರ ಹೇಳಿಸುವುದು, ಸಾಯುವವರ ಪಕ್ಕದಲ್ಲಿ ಕೂರುವುದು ಅವರ ಕೆಲಸ. ಸ್ವಾಮಿಗಳಿಗೆ ವರ್ಗಾವಣೆಯಿತ್ತು, ಉಪದೇಶಿಗಳಿಗೆ ಇರಲಿಲ್ಲ. ಹೀಗಾಗಿ ದೇವರು ಎಂಥವನು ಎಂಬುದನ್ನು ಬೇರೆ ಬೇರೆ ಸ್ವಾಮಿಗಳು ಬೇರೆ ಬೇರೆಯಾಗಿ ಹೇಳಿ ಹೋದರು. ಅವನು ನಮ್ಮ ವಿಷಯದಲ್ಲಿ ಏನೆಂದುಕೊಂಡಿದ್ದಾನೆ ಎಂಬುದು ಮಾತ್ರ ಉಪದೇಶಿಗಳ ಬಾಯಿಂದಲೇ ನಮಗೆ ತಿಳಿಯುತ್ತಿತ್ತು.

ಅವರು ಕುಳ್ಳಗೆ, ನೆಟ್ಟಗೆ ಇದ್ದರು. ತೊಳೆದು ತೊಳೆದು ನೀಲಿಗೆ ತಿರುಗಿದ ಬಿಳಿಯ ಜುಬ್ಬ. ಕನ್ನಡಕದ ಒಂದು ಕಿವಿಗೆ ಕಡ್ಡಿ, ಇನ್ನೊಂದಕ್ಕೆ ದಾರ. ಹಿಪ್ಪುನೇರಳೆ ಸೊಪ್ಪು ಕತ್ತರಿಸಿ ಕತ್ತರಿಸಿ ತೋರುಬೆರಳಿನ ತುದಿ ಕಪ್ಪಾಗಿತ್ತು. ಆ ಬೆರಳು ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ಮಾತನಾಡುವಾಗ ಅದು ಮೊದಲು ಮೇಲಕ್ಕೆ ಹೋಗುತ್ತಿತ್ತು, ಅಂದರೆ ದೇವರು; ಆಮೇಲೆ ಮೆಲ್ಲಗೆ ಇಳಿದು ಎದುರಿಗಿದ್ದವರ ಎದೆಯ ಮಟ್ಟದಲ್ಲಿ ನಿಲ್ಲುತ್ತಿತ್ತು, ಅಂದರೆ ನೀನು.

ಕ್ರೈಸ್ತ ಧರ್ಮಶಾಸ್ತ್ರದಲ್ಲಿ ಸೃಷ್ಟಿಯಿದೆ, ಕರುಣೆಯಿದೆ, ಕ್ಷಮೆಯಿದೆ, ಪುನರುತ್ಥಾನವಿದೆ. ಉಪದೇಶಿಗಳು ಇವೆಲ್ಲವನ್ನೂ ಒಂದೇ ತಿಂಗಳಲ್ಲಿ ಮುಗಿಸಿ, ವರ್ಷದ ಉಳಿದ ಭಾಗವನ್ನು ತೀರ್ಪಿಗೆ ಮೀಸಲಿಡುತ್ತಿದ್ದರು. ತೀರ್ಪು ಎರಡು ಬಗೆಯದು ಎಂದು ಅವರು ಕಲಿಸಿದ್ದು ಸರಿಯಾಗಿಯೇ ಇತ್ತು. ಸತ್ತ ಕೂಡಲೇ ಒಬ್ಬೊಬ್ಬರಿಗೂ ಆಗುವುದು ಪ್ರತ್ಯೇಕ ತೀರ್ಪು. ಲೋಕದ ಕೊನೆಯಲ್ಲಿ ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ ಕೊಡುವುದು ಕಡೆಯ ತೀರ್ಪು. ಒಮ್ಮೆ ಕೊಟ್ಟ ತೀರ್ಪನ್ನು ದೇವರು ಮತ್ತೊಮ್ಮೆ ಏಕೆ ಕೊಡಬೇಕು ಎಂದು ಒಂದು ಭಾನುವಾರ ನಾನು ಕೇಳಿದೆ.

“ಮೊದಲ್ನೇದು ನಿಂಗೆ ಗೊತ್ತಾಗಕ್ಕೆ ಕಣಮ್ಮಿ,” ಎಂದರು. ಬೆರಳು ಇಳಿಯಿತು. “ಎರಡ್ನೇದು ಊರ್ಗೆ ಗೊತ್ತಾಗಕ್ಕೆ.”

ಮುಂದೆ ಕಾಲೇಜಿನ ಗ್ರಂಥಾಲಯದಲ್ಲಿ ಈ ವಿಷಯವನ್ನು ಕುರಿತು ಸಿಕ್ಕಿದ್ದನ್ನೆಲ್ಲ ಓದಿದೆ. ಪಂಡಿತರು ಪುಟಗಟ್ಟಲೆ ಬರೆದದ್ದರ ಸಾರವೂ ಬಹುಮಟ್ಟಿಗೆ ಇಷ್ಟೇ ಆಗಿತ್ತು. ಉಪದೇಶಿಗಳ ಕಷ್ಟವಿದ್ದದ್ದು ಬೇರೆ ಕಡೆ. ಊರಿಗೆ ಗೊತ್ತಾಗುವುದಕ್ಕೆ ಲೋಕದ ಕೊನೆಯವರೆಗೆ ಕಾಯುವಷ್ಟು ತಾಳ್ಮೆ ಅವರಿಗೆ ಇರಲಿಲ್ಲ.

ಅವರೂ ಎಲ್ಲರಂತೆ ರೇಷ್ಮೆ ಹುಳು ಸಾಕುತ್ತಿದ್ದರು. ಮೋಕ್ಷ ನರಕಗಳನ್ನು ಅವರು ವಿವರಿಸುತ್ತಿದ್ದದ್ದೂ ಹುಳುಮನೆಯ ಭಾಷೆಯಲ್ಲೇ. “ಹಣ್ಣಾದ ಹುಳ ಚಂದ್ರಿಕೆಗೆ, ಹಾಲುರೋಗದ ಹುಳ ತಿಪ್ಪೆಗೆ. ಆರ್ಸೋನು ಯಾರು? ದೇವ್ರು. ಆರ್ಸೋವಾಗ ಹುಳ ಮಾತಾಡೀತಾ? ಆಡಲ್ಲ. ನೀವೂ ಆಡ್ಬಾರ್ದು.” ಹಣ್ಣಾದ ಹುಳು ಚಂದ್ರಿಕೆಯ ಬಿದಿರು ತಟ್ಟೆಯಲ್ಲಿ ಗೂಡು ಕಟ್ಟಿದ ಮೇಲೆ, ನೂಲು ತೆಗೆಯುವ ರೀಲರುಗಳು ಆ ಗೂಡನ್ನು ಬಿಸಿನೀರಿನಲ್ಲಿ ಬೇಯಿಸುತ್ತಾರಲ್ಲ, ಆಗ ಮೋಕ್ಷಕ್ಕೆ ಹೋದ ಹುಳುವಿನ ಗತಿಯೇನು ಎಂದು ಯಾರೋ ಕೇಳಿದ್ದಕ್ಕೆ, “ಅದು ರೀಲರ್ ಮಾಡೋ ಪಾಪ, ನಮ್ದಲ್ಲ” ಎಂದು ಪಾಠ ಮುಂದುವರಿಸಿದ್ದರು.

ರೇಷ್ಮೆ ಹುಳುವಿಗೆ ಭಾನುವಾರವೆಂಬುದಿಲ್ಲ. ದಿನಕ್ಕೆ ಮೂರು ನಾಲ್ಕು ಸಲ ಸೊಪ್ಪು ಹಾಕಲೇಬೇಕು. ಭಾನುವಾರ ದುಡಿಯುವುದು ಮಾರಕ ಪಾಪವೆಂದು ಕಲಿಸುತ್ತಿದ್ದ ಉಪದೇಶಿಗಳು ಪೂಜೆ ಮುಗಿದದ್ದೇ ಜುಬ್ಬ ಕಳಚಿಟ್ಟು ತೋಟಕ್ಕೆ ಇಳಿಯುತ್ತಿದ್ದರು. ಇದು ಹೇಗೆ ಎಂಬುದಕ್ಕೂ ಅವರಲ್ಲಿ ಶಾಸ್ತ್ರವಿತ್ತು. ಹಸಿದವರಿಗೆ ಉಣ್ಣಲು ಕೊಡುವುದು ಕೆಲಸವಲ್ಲ, ಪುಣ್ಯಕಾರ್ಯ, ಹುಳು ಹಸಿದಿದೆ, ಆದ್ದರಿಂದ ಸೊಪ್ಪು ಕೊಯ್ಯುವುದು ಪುಣ್ಯಕಾರ್ಯ. ಊರಿನವರಿಗೆಲ್ಲ ಈ ಶಾಸ್ತ್ರ ಬಹಳ ಹಿಡಿಸಿತ್ತು, ಏಕೆಂದರೆ ಎಲ್ಲರ ಮನೆಯಲ್ಲೂ ಹುಳುವಿತ್ತು.

ಬೈಬಲಿನ ಶುಭಸಂದೇಶದಲ್ಲಿ ಒಂದು ಸಾಮತಿ, ಅಂದರೆ ದೃಷ್ಟಾಂತದ ಕಥೆ, ಇದೆ. ಕಡೆಯ ದಿನ ನ್ಯಾಯಾಧೀಶನು ಕುರುಬನು ಕುರಿ ಮೇಕೆಗಳನ್ನು ಬೇರ್ಪಡಿಸುವ ಹಾಗೆ ಜನರನ್ನು ಬೇರ್ಪಡಿಸಿ, ಕುರಿಗಳನ್ನು ಬಲಗಡೆಗೂ ಮೇಕೆಗಳನ್ನು ಎಡಗಡೆಗೂ ನಿಲ್ಲಿಸುತ್ತಾನೆ. ಬಲಗಡೆಯವರನ್ನು ಬನ್ನಿ ಎನ್ನುತ್ತಾನೆ, ಎಡಗಡೆಯವರನ್ನು ತೊಲಗಿ ಎನ್ನುತ್ತಾನೆ. ಉಪದೇಶಿಗಳು ಇದನ್ನು ಗುಡಿಯ ಜಗಲಿಯ ಮೇಲೆ ನಮಗೆ ಹೇಳಿಕೊಡುತ್ತಿದ್ದಾಗ, ಪಕ್ಕದ ಬೀದಿಯ ಕುರುಬರ ಹಿರಿಯರೊಬ್ಬರು ಕೋಲಿನ ಮೇಲೆ ಗದ್ದವಿಟ್ಟು ಕೇಳುತ್ತಾ ನಿಂತಿದ್ದರು. ಅವರ ಮಂದೆಯಲ್ಲಿ ಕುರಿ ಮೇಕೆ ಎರಡೂ ಇದ್ದವು.

“ಅಲ್ಲ ಉಪದೇಸಿಗಳೇ, ಮೇಕೆ ಏನ್ ತಪ್ಪು ಮಾಡ್ತು ಅಂತ?” ಎಂದರು. “ಜಾಣ ಪ್ರಾಣಿ ಕಣ್ರೀ ಅದು. ಕುರಿಗೇನ್ ಗೊತ್ತು? ಮುಂದ್ಲ ಕುರಿ ಬಾವಿಗೆ ಬಿದ್ರೆ ಹಿಂದ್ಲದೂ ಬೀಳ್ತದೆ.”

“ಅದಕ್ಕೇ ಕಣಯ್ಯ ಕುರಿ ಬಲಗಡೆ ಇರೋದು,” ಎಂದರು ಉಪದೇಶಿಗಳು.

ಅವರು ತಮಾಷೆ ಮಾಡಲಿಲ್ಲ. ಅವರಿಗೆ ತಮಾಷೆ ಬರುತ್ತಿರಲಿಲ್ಲ.

ಈ ಸಾಮತಿಯನ್ನೇ ಅವರು ನಾಟಕ ಮಾಡಿದ್ದರು. ಪ್ರತಿ ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಒಂದು ಶುಕ್ರವಾರ ಸಂಜೆ ಗುಡಿಯ ಜಗಲಿಯ ಮೇಲೆ ‘ಕಡೆಯ ತೀರ್ಪು’ ಆಡಲಾಗುತ್ತಿತ್ತು. ಅದರಲ್ಲಿ ನಟರು ಇರಲಿಲ್ಲ ಎಂಬುದೇ ಅದರ ವಿಶೇಷ. ಊರಿನವರು ಊರಿನವರಾಗಿಯೇ ಬಂದು ನಿಲ್ಲಬೇಕು. ಉಪದೇಶಿಗಳು ಜನರ ನಡುವೆ, ಜಗಲಿಗೆ ಎದುರಾಗಿ, ಮೈಕು ಹಿಡಿದು ನಿಂತು ಹೆಸರು ಕೂಗುತ್ತಿದ್ದರು. ತಪ್ಪದೆ ಪೂಜೆಗೆ ಬಂದವರಿಗೆ ಒಂದು ಬಿಳಿಯ ಟವಲು; ಅವರು ಜಗಲಿಯ ಬಲಗಡೆಗೆ. ಕುಡಿದವರು, ಜಪಸರಕ್ಕೆ ಬಾರದವರು, ಅತ್ತೆಗೆ ಎದುರಾಡಿದವರು, ಉಪದೇಶಿಗಳಿಗೆ ಎದುರಾಡಿದವರು, ಇವರಿಗೆಲ್ಲ ಒಂದೊಂದು ಕರಿಯ ಕಂಬಳಿ, ಅವರು ಎಡಗಡೆಗೆ. ಕಂಬಳಿಗಳನ್ನು ಕೊಡುತ್ತಿದ್ದವರು ಅದೇ ಕುರುಬರ ಹಿರಿಯರು. “ಕುರಿ ಉಣ್ಣೆ ಹೊದ್ದೋರೆಲ್ಲ ಮೇಕೆಗಳಂತೆ, ಮಿಲ್ಲಿನ ಟವಲ್ ಹೊದ್ದೋರು ಕುರಿಗಳಂತೆ” ಎಂದು ಅವರು ಪ್ರತಿ ವರ್ಷವೂ ಹೇಳುತ್ತಿದ್ದರು. ಪ್ರತಿ ವರ್ಷವೂ ಮುಂದಿನ ಸಾಲಿನಲ್ಲಿ ಕೂತು ನೋಡುತ್ತಿದ್ದರು.

ನ್ಯಾಯಾಧೀಶನ ಪಾತ್ರ ನನ್ನ ಅಪ್ಪನದು. ಅಪ್ಪ ಎತ್ತರದ ಆಳು, ಕಂಠ ದೊಡ್ಡದು, ಗುಡಿಯ ಗಂಟೆ ಹೊಡೆಯುವವನು. ಜಗಲಿಯ ನಡುವೆ ಕುರ್ಚಿ ಹಾಕಿ, ತಲೆಗೆ ಜರಿಯ ಪೇಟ ಕಟ್ಟಿ, ಅವನನ್ನು ಜನರಿಗೆ ಎದುರಾಗಿ ಕೂರಿಸುತ್ತಿದ್ದರು. ತಾಲೀಮಿನಲ್ಲಿ ಉಪದೇಶಿಗಳು ಅಪ್ಪನ ಎದುರಿಗೆ ನಿಂತು, ತಮ್ಮ ಬಲಗೈಯನ್ನು ಚಾಚಿ, “ಬನ್ನಿ ಅನ್ನೋವಾಗ ಹಿಂಗೆ. ನನ್ನಂಗೇ ಎತ್ತು,” ಎನ್ನುತ್ತಿದ್ದರು. ಅಪ್ಪ ಕನ್ನಡಿಯ ಹಾಗೆ ಅವರಂತೆಯೇ ಎತ್ತುತ್ತಿದ್ದ. ಮನೆಯಲ್ಲಿ ಉಪದೇಶಿಗಳ ಹೆಸರು ಕೇಳಿದರೆ ಎದ್ದು ನಿಲ್ಲುತ್ತಿದ್ದ ಅಪ್ಪ, ವರ್ಷಕ್ಕೊಂದು ಸಂಜೆ ದೇವರಾಗುತ್ತಿದ್ದ. ಆ ಸಂಜೆಯೂ ಅವನು ಉಪದೇಶಿಗಳು ಹೇಳಿದ್ದನ್ನೇ ಹೇಳುತ್ತಿದ್ದ.

ಎಡಗಡೆ ನಿಂತವರು ಮಾರನೆಯ ದಿನ ನಗುನಗುತ್ತಲೇ ಓಡಾಡುತ್ತಿದ್ದರು. ಆದರೆ ಒಂದು ವರ್ಷದ ಮಟ್ಟಿಗೆ ಅವರ ಹೆಸರಿಗೆ ಕಂಬಳಿ ಅಂಟಿಕೊಂಡಿರುತ್ತಿತ್ತು. ಹೆಣ್ಣು ನೋಡಲು ಬಂದವರು ಸಹ, “ಯಾವ ಕಡೆ ನಿಂತಿದ್ದ ಮನೆ?” ಎಂದು ವಿಚಾರಿಸಿದ್ದುಂಟು.

ಎರಡು ಸಾವಿರದ ಈಚೆಗೆ ಬಿಡದಿಯ ಕಡೆ ಕಾರ್ಖಾನೆಗಳು ಒಂದರ ಹಿಂದೊಂದರಂತೆ ಬಂದವು. ಹೆದ್ದಾರಿಯ ಬದಿಯಲ್ಲಿ ಬಟ್ಟೆ ಹೊಲಿಯುವ ದೊಡ್ಡ ದೊಡ್ಡ ಗಾರ್ಮೆಂಟುಗಳು ಎದ್ದವು. ಬೆಳಗ್ಗೆ ಏಳಕ್ಕೆ ಒಂದು ವ್ಯಾನು ನಮ್ಮ ಬೀದಿಯ ತನಕ ಬಂದು ಹೆಂಗಸರನ್ನು ತುಂಬಿಕೊಂಡು ಹೋಗತೊಡಗಿತು. ಅವ್ವ ಮೊದಲ ವ್ಯಾನಿನಲ್ಲೇ ಹೋದಳು. ನಾನಾಗ ಪಿ.ಯು.ಸಿ. ಮುಗಿಸುವುದರಲ್ಲಿದ್ದೆ. ನಮ್ಮ ಮನೆಯಲ್ಲಿ ಅಷ್ಟು ದೂರ ಓದಿದವರು ಯಾರೂ ಇರಲಿಲ್ಲ, ಬಿ.ಎ.ಗೆ ರಾಮನಗರಕ್ಕೆ ಹೋಗಬೇಕೆಂದರೆ ಅದು ಅವ್ವನ ಸಂಬಳದಿಂದಲೇ ಆಗಬೇಕಿತ್ತು. ಸರಕು ಕಳುಹಿಸುವ ವಾರದಲ್ಲಿ ಕಾರ್ಖಾನೆಯವರು ಭಾನುವಾರವೂ ಕರೆಯುತ್ತಿದ್ದರು. ಬರಲಾರೆ ಎಂದವರನ್ನು ಸೋಮವಾರವೂ ಬರಬೇಡಿ ಎನ್ನುತ್ತಿದ್ದರು. ಅವ್ವ ಭಾನುವಾರಗಳಲ್ಲೂ ಹೋದಳು.

ಉಪದೇಶಿಗಳ ಬೆರಳು ಇಳಿಯಿತು. ಹುಳುವಿಗೆ ಸೊಪ್ಪು ಹಾಕುವುದು ಪುಣ್ಯ, ಅಂಗಿಗೆ ಕಾಲರು ಹೊಲಿಯುವುದು ಪಾಪ. ಆ ವ್ಯಾನನ್ನು ಓಡಿಸುತ್ತಿದ್ದವನು ಅವರ ಅಳಿಯನೇ ಆಗಿದ್ದ. ಇದನ್ನು ನಮ್ಮ ಎದುರುಮನೆಯ ಲೂರ್ದಮ್ಮ ನೀರಿನ ನಲ್ಲಿಯ ಹತ್ತಿರ ಎಲ್ಲರ ಮುಂದೆ ಕೇಳಿಯೇಬಿಟ್ಟರು.

“ನಿಮ್ಮ ಅಳಿಯಂದ್ರೂ ಭಾನುವಾರ ಬತ್ತಾರಲ್ಲ ಉಪದೇಸಿಗಳೇ, ಅವರ್ದು?”

“ಅವ್ನು ಕೂತಿರ್ತಾನಮ್ಮ,” ಎಂದರು ಉಪದೇಶಿಗಳು. “ಕೂತಿರೋದು ದುಡಿಮೆ ಅಲ್ಲ.”

“ನಾವೂ ಮಿಷನ್ ಮುಂದೆ ಕೂತೇ ಇರ್ತೀವಿ.”

“ಕಾಲು ತುಳೀತದಲ್ಲ!”

“ಅವ್ರ್ ಕಾಲೇನ್ ಬ್ರೇಕು ತುಳಿಯಲ್ವಾ?”

ಉಪದೇಶಿಗಳು ಲೂರ್ದಮ್ಮನವರ ಹೆಸರನ್ನು ಅಲ್ಲೇ ಎಡಗಡೆಗೆ ಬರೆದುಕೊಂಡರು. ಅವ್ವನ ಹೆಸರನ್ನು ಅದಕ್ಕೂ ಮೊದಲೇ ಬರೆದುಕೊಂಡಿದ್ದರು.

ನಾಟಕಕ್ಕೆ ಒಂದು ವಾರವಿರುವಾಗ ತಾಲೀಮಿನಿಂದ ಬಂದ ಅಪ್ಪ ಹೊಸಿಲ ಮೇಲೆ ಕೂತ. ಪೇಟ ಅವನ ತೊಡೆಯ ಮೇಲಿತ್ತು.

“ಈ ಸಲ ನೀನು ಎಡಗಡೆ ಅಂತೆ,” ಎಂದ.

“ಇರ್ಲಿ,” ಎಂದಳು ಅವ್ವ.

“ಏನ್ ಇರ್ಲಿ? ಜನದ ಮುಂದೆ ನಾನು ನಿಂಗೆ ತೊಲಗು ಅನ್ಬೇಕು ಕಣೇ. ಅಂದ್ಮ್ಯಾಕೆ ನೀನು ಬೆಳಗ್ಗೆದ್ದು ಮತ್ತೆ ವ್ಯಾನು ಹತ್ತಿದ್ರೆ ಊರು ನನ್ ಮಕಕ್ಕೆ ಉಗೀತದೆ. ಉಪದೇಸಿಗಳು ಕರಾರಾಗಿ ಹೇಳವ್ರೆ. ನಾಟ್ಕ ಆದ ಮಾರ್ನೆ ದಿವ್ಸದಿಂದ ನೀನು ಕೆಲ್ಸ ಬುಡ್ಬೇಕು.”

“ಬುಟ್ರೆ ಈ ಮಗೀನ ಕಾಲೇಜು?”

ಅಪ್ಪ ನನ್ನನ್ನು ನೋಡಲಿಲ್ಲ. “ಮನೇಲಿರ್ಲಿ. ಹುಳಕ್ಕೆ ಸೊಪ್ಪು ಹಾಕ್ಲಿ,” ಎಂದ. ಪುಣ್ಯಕಾರ್ಯವೊಂದು ನನ್ನ ಪಾಲಿಗೆ ಹೀಗೆ ನಿಗದಿಯಾಯಿತು.

ಆ ವಾರವಿಡೀ ನಾನು ಕಾಲೇಜಿನ ಅರ್ಜಿಯನ್ನು ಜ್ಞಾನೋಪದೇಶದ ಪುಸ್ತಕದೊಳಗೆ ಬಚ್ಚಿಟ್ಟುಕೊಂಡು ಓಡಾಡಿದೆ. ಅವ್ವ ವಾದ ಮಾಡಲಿಲ್ಲ, ಅಳಲಿಲ್ಲ. ಅವಳಿಗೆ ಪುರಸೊತ್ತೂ ಇರಲಿಲ್ಲ. ಅದು ಸರಕು ಕಳುಹಿಸುವ ವಾರವಾಗಿತ್ತು.

ಶುಕ್ರವಾರ ಸಂಜೆ ಜಗಲಿಯ ಮುಂದೆ ಜನ ಸೇರಿದ್ದರು. ಆ ವರ್ಷ ಹೊಸದಾಗಿ ಬಂದಿದ್ದ ಕಿರಿಯ ಸ್ವಾಮಿಗಳು ನಾಟಕ ನೋಡಲೆಂದೇ ಬಂದು ಪಕ್ಕದಲ್ಲಿ ಕೂತಿದ್ದರು. ಹೆಸರು ಕೂಗುವುದು ಅರ್ಧ ಮುಗಿದಿದ್ದಾಗ ವ್ಯಾನು ಬಂದು ನಿಂತಿತು. ಹೆಂಗಸರು ಇಳಿದರು. ಉಪದೇಶಿಗಳ ಅಳಿಯನೂ ಇಳಿದು, ಟವಲು ಹೊದ್ದು, ಜಗಲಿಯ ಬಲಗಡೆಗೆ ಹೋಗಿ ನಿಂತ.

“ದೇವರ ದಿನವನ್ನು ಯಂತ್ರಕ್ಕೆ ಒಪ್ಪಿಸಿದವಳು!” ಎಂದು ಮೈಕಿನಲ್ಲಿ ಕೂಗಿ ಉಪದೇಶಿಗಳು ಅವ್ವನ ಹೆಸರು ಹೇಳಿದರು. ಅವ್ವ ಕೆಲಸದ ಏಪ್ರನ್ನಿನಲ್ಲೇ ಜಗಲಿ ಹತ್ತಿದಳು. ಕಾರ್ಖಾನೆಯ ಗುರುತಿನ ಚೀಟಿ ಕೊರಳಲ್ಲೇ ತೂಗುತ್ತಿತ್ತು.

“ಅದನ್ನ ತೆಗೀಬೇಕು,” ಎಂದರು ಉಪದೇಶಿಗಳು.

“ಹೆಸ್ರು ಬರ್ದೈತೆ ಉಪದೇಸಿಗಳೇ. ದೇವ್ರಿಗೆ ಗುರ್ತು ಸಿಗ್ಲಿ ಬುಡಿ,” ಎಂದು ಅವ್ವ ಕಂಬಳಿ ಹೊದ್ದುಕೊಂಡಳು.

ಲೂರ್ದಮ್ಮ, ಒಂದು ವರ್ಷವೂ ಕಂಬಳಿ ತಪ್ಪದ ಕುಡುಕ ಚೌರಪ್ಪ ಮೊದಲಾದವರ ಪಕ್ಕದಲ್ಲಿ ಅವಳು ನಿಂತಳು. ಅಪ್ಪನ ಕುರ್ಚಿಗೆ ಎಲ್ಲರಿಗಿಂತ ಹತ್ತಿರ ಇದ್ದವಳು ಅವಳೇ. ಅಪ್ಪ ಎದ್ದ. ವಾಡಿಕೆಯಂತೆ ಟವಲಿನವರ ಕಡೆಗೆ ಕೈ ಚಾಚಿ, ಗಂಟೆಯಂಥ ಕಂಠದಲ್ಲಿ, “ನನ್ನ ತಂದೆಯ ಆಶೀರ್ವಾದ ಪಡೆದವರೇ...” ಎಂದು ತೊಡಗಿದ.

“ಇಲ್ನೋಡಿ ಒಸಿ,” ಎಂದಳು ಅವ್ವ.

ಅಪ್ಪ ಮಾತು ನಿಲ್ಲಿಸದೆ ಕಣ್ಣಲ್ಲೇ ಗದರಿದ.

“ನೀವು ಉಣ್ಣೋ ಕೈ ಯಾವ್ದು?”

“ಸುಮ್ಕಿರೇ,” ಎಂದ ದೇವರು, ಪಿಸುಮಾತಿನಲ್ಲಿ.

“ಬಲಗಡೆಯೋರ್ನ ತಾನೆ ಕರೀಬೇಕಾಗಿರೋದು? ಉಣ್ಣೋ ಕೈ ಎತ್ತಿ ಅಂದೆ.”

ಮನೆಯಲ್ಲಿ ಅವ್ವ ಅದೇ ದನಿಯಲ್ಲಿ ಹೇಳಿದ್ದನ್ನು ಅಪ್ಪ ಎಂದೂ ಮೀರಿದವನಲ್ಲ. ಚಾಚಿದ್ದ ಕೈಯನ್ನು ಅವನು ಇಳಿಸಿದ. ಅನ್ನ ಕಲಸುವ ಕೈಯನ್ನು ಎತ್ತಿದ. ಅದು ಸೀದಾ ಕಂಬಳಿ ಹೊದ್ದವರ ಕಡೆಗೆ ಹೋಯಿತು.

ಮೈಕಿನಿಂದ ಉಪದೇಶಿಗಳ ದನಿ ಒಡೆದು ಬಂತು: “ಏಯ್, ಆ ಕೈ ಅಲ್ಲ ಕಣಯ್ಯ! ಬಲಗೈ ಎತ್ತು! ಬಲಗೈ!”

“ಇದೇ ಬಲಗೈ ಉಪದೇಸಿಗಳೇ,” ಎಂದ ಅಪ್ಪ.

ಎಲ್ಲರಿಗಿಂತ ಮೊದಲು ಅರ್ಥವಾದದ್ದು ಅಳಿಯನಿಗೆ. “ಮಾವಾ! ನಾನ್ ಎಡಕ್ಕೆ ಬಂದ್ಬುಟ್ಟಿವ್ನಿ!” ಎಂದು ಅವನು ಟವಲು ಕಿತ್ತೆಸೆದ.

ಆಮೇಲೆ ನಡೆದದ್ದನ್ನು ಕ್ರಮವಾಗಿ ವರ್ಣಿಸುವುದು ಕಷ್ಟ. ಉಪದೇಶಿಗಳು ಇಷ್ಟು ವರ್ಷವೂ ಜನರ ನಡುವೆ ನಿಂತು, ತಮ್ಮ ಬಲವನ್ನೇ ಬಲವೆಂದು ಹಿಡಿದು ಜಗಲಿಯನ್ನು ಹಂಚಿದ್ದರು. ಜನರಿಗೆ ಮುಖ ಮಾಡಿ ಕೂತ ನ್ಯಾಯಾಧೀಶನಿಗೆ ಅದು ಎಡವಾಗುತ್ತದೆಂಬುದು ಅವರಿಗೂ ತಿಳಿದಿರಲಿಲ್ಲ, ನ್ಯಾಯಾಧೀಶನಿಗೂ ತಿಳಿದಿರಲಿಲ್ಲ, ನೋಡುತ್ತಾ ಕೂತಿದ್ದ ನಮಗ್ಯಾರಿಗೂ ತಿಳಿದಿರಲಿಲ್ಲ. ಊರಿನ ಸಜ್ಜನರನ್ನೆಲ್ಲ ವರ್ಷ ವರ್ಷವೂ ಬಿಳಿಯ ಟವಲು ಹೊದಿಸಿ ನರಕಕ್ಕೆ ಕಳುಹಿಸಲಾಗಿತ್ತು. ಚೌರಪ್ಪ ಲೆಕ್ಕವಿಲ್ಲದಷ್ಟು ಸಲ ಮೋಕ್ಷಕ್ಕೆ ಹೋಗಿಬಂದಿದ್ದ.

ಸ್ವಾಮಿಗಳು ನಗು ತಡೆಯಲು ಕರವಸ್ತ್ರ ಹುಡುಕುತ್ತಿದ್ದರು. “ಅಮ್ಮ ಹೇಳೋದು ಸರಿ ಉಪದೇಶಿಗಳೇ,” ಎಂದರು. “ನಿಮಗೆ ಹೇಗಮ್ಮ ಹೊಳೀತು?”

“ಫ್ಯಾಕ್ಟ್ರೀಲಿ ಜೇಬು ಹಾಕೋಳು ನಾನು ಸಾಮಿ,” ಎಂದಳು ಅವ್ವ. “ಎಡಗಡೆ ಜೇಬು ಅಂದ್ರೆ ತೊಡೋರ ಎಡ, ನೋಡೋರ್ದಲ್ಲ. ಮೊದಲ್ನೇ ವಾರ ತಿರುಗಾಮುರುಗಾ ಹಾಕ್ಬುಟ್ಟು ಒಂದಿಡೀ ದಿವ್ಸ ಹೊಲಿಗೆ ಬಿಚ್ಚಿದ್ದೀನಿ. ಇಲ್ಲೂ ಹಂಗೇ ಅಲ್ವಾ? ಕೂತಿರೋರು ಅವ್ರು, ಅವರ ಬಲಾನೇ ಬಲ.”

“ಬೆತ್ಲೆ ಇದ್ದೋನಿಗೆ ಬಟ್ಟೆ ಕೊಟ್ರಾ ಅಂತ ತಾನೆ ಕಡೇ ದಿವ್ಸ ದೇವ್ರು ಕೇಳೋದು?” ಎಂದು ಕಂಬಳಿಯೊಳಗಿಂದ ಲೂರ್ದಮ್ಮ ದನಿಗೂಡಿಸಿದರು. “ದಿವ್ಸಾ ಹೊಲಿಯೋರು ನಾವು. ನಮ್ಮುನ್ನೇ ಆಚೆ ನಿಲ್ಸವ್ರೆ ನೋಡಿ.”

ಅಪ್ಪ ಇನ್ನೂ ಕೈ ಎತ್ತಿಕೊಂಡೇ ಇದ್ದ. ಅವನಿಗೆ ಬರುತ್ತಿದ್ದದ್ದು ಬಾಯಿಪಾಠದ ಎರಡೇ ಮಾತು. ಮೊದಲನೆಯದನ್ನು ಅವನು ಆ ಕೈಯ ಕಡೆಗೆ ನೋಡಿ ಪೂರ್ತಿಯಾಗಿ ಹೇಳಿದ: “ನನ್ನ ತಂದೆಯ ಆಶೀರ್ವಾದ ಪಡೆದವರೇ, ಬನ್ನಿ.” ಅವ್ವ ಹೋಗಿ ಅವನ ಕಾಲ ಬಳಿಯ ಮೆಟ್ಟಿಲ ಮೇಲೆ ಕೂತಳು, ಬೆಳಗ್ಗಿನಿಂದ ದುಡಿದು ಬಂದವಳಿಗೆ ಕೂರಲು ಅದೊಂದೇ ಜಾಗ ಇದ್ದದ್ದು. ಎರಡನೆಯ ಮಾತನ್ನು ಅಪ್ಪ ಹೇಳಲಿಲ್ಲ. ಕರುಣೆಯಿಂದ ಬಿಟ್ಟನೋ, ಎಡಗಡೆ ಉಪದೇಶಿಗಳ ಅಳಿಯನಿದ್ದನೆಂದು ಬಿಟ್ಟನೋ, ನಾನು ಕೇಳಿಲ್ಲ.

ಮನೆಗೆ ಬಂದು ಪೇಟ ಬಿಚ್ಚುತ್ತಾ ಅಪ್ಪ, “ನಾಳೆ ವ್ಯಾನು ಎಷ್ಟೊತ್ಗೆ?” ಎಂದ.

“ಏಳಕ್ಕೆ,” ಎಂದಳು ಅವ್ವ.

ನನ್ನ ಕಾಲೇಜಿನ ಪ್ರಶ್ನೆ ಇತ್ಯರ್ಥವಾದದ್ದು ಹೀಗೆ.

ತಪ್ಪು ಗೊತ್ತಾದ ಮೇಲೆ ಉಪದೇಶಿಗಳು ಅದನ್ನು ತಿದ್ದಿಕೊಳ್ಳದೆ ಇರಲಿಲ್ಲ. ಅವರು ತಿದ್ದಿಕೊಂಡ ಬಗೆಯನ್ನು ನೆನೆದಾಗಲೆಲ್ಲ ಅವರ ಬಗ್ಗೆ ನನಗೆ ಒಂದು ರೀತಿಯ ಗೌರವ ಮೂಡುತ್ತದೆ. ಟವಲು ಕಂಬಳಿಗಳ ಜಾಗ ಬದಲಿಸಿದ್ದರೆ ಸಾಕಿತ್ತು. ಆದರೆ ಅಷ್ಟು ವರ್ಷ ನಿಂತ ಜಾಗವನ್ನು ಸಜ್ಜನರು ಬಿಟ್ಟುಕೊಡಲು ಒಪ್ಪಲಿಲ್ಲ. ಮರುವರ್ಷ ಉಪದೇಶಿಗಳು ಜನರನ್ನು ಇದ್ದಲ್ಲೇ ಬಿಟ್ಟು ದೇವರ ಕುರ್ಚಿಯನ್ನು ತಿರುಗಿಸಿದರು. ಅಪ್ಪ ನಾಟಕದುದ್ದಕ್ಕೂ ಜನರಿಗೆ ಬೆನ್ನು ಹಾಕಿ, ಗುಡಿಯ ಬಾಗಿಲನ್ನು ನೋಡುತ್ತಾ ತೀರ್ಪು ಕೊಟ್ಟ. ಮುಂದಿನ ಸಾಲಿನಿಂದ ಕುರುಬರ ಹಿರಿಯರು, “ಮಕಾನೇ ಕಾಣಲ್ವಲ್ಲ ಉಪದೇಸಿಗಳೇ!” ಎಂದು ಕೂಗಿದರು. “ದೇವರ ಬೆನ್ನು ನೋಡಕ್ಕೂ ಪುಣ್ಯ ಮಾಡಿರ್ಬೇಕು ಕಣಯ್ಯ,” ಎಂದು ಮೈಕಿನಲ್ಲಿ ಉತ್ತರ ಬಂತು. ಸ್ವಾಮಿಗಳು ಅದೇ ಕಡೆಯ ‘ಕಡೆಯ ತೀರ್ಪು’ ಎಂದು ನಾಟಕವನ್ನು ನಿಲ್ಲಿಸಿದರು.

ನಿಲ್ಲಿಸುವಾಗ ಸ್ವಾಮಿಗಳು ಪ್ರಸಂಗದಲ್ಲಿ, ಅಂದರೆ ಪೂಜೆಯ ಪ್ರವಚನದಲ್ಲಿ, ಹೇಳಿದ ಒಂದು ಮಾತು ನನಗೆ ಸರಿಯೆನಿಸಿತು. ಆ ಸಾಮತಿಯಲ್ಲಿ ನ್ಯಾಯಾಧೀಶನು ಹಸಿದವರ ಬಗ್ಗೆ, ಬಾಯಾರಿದವರ ಬಗ್ಗೆ, ಬಟ್ಟೆಯಿಲ್ಲದವರ ಬಗ್ಗೆ, ಸೆರೆಯಲ್ಲಿದ್ದವರ ಬಗ್ಗೆ ಕೇಳುತ್ತಾನೆ. ಪೂಜೆಗೆ ಬಂದೆಯಾ ಎಂದು ಒಮ್ಮೆಯೂ ಕೇಳುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಎರಡೂ ಕಡೆಯವರು ತೀರ್ಪು ಕೇಳಿ ಬೆರಗಾಗುತ್ತಾರೆ. ಯಾವಾಗ ಸ್ವಾಮಿ ನಿನಗೆ ಉಣಿಸಿದೆವು, ಯಾವಾಗ ನಿನಗೆ ಉಣಿಸದೆ ಹೋದೆವು ಎಂದು ಇಬ್ಬರೂ ಕೇಳುತ್ತಾರೆ. ಆ ಒಂದು ಸಂಜೆ ಬಿಟ್ಟರೆ ನಮ್ಮ ನಾಟಕದಲ್ಲಿ ಯಾರೂ ಬೆರಗಾದದ್ದೇ ಇಲ್ಲ. ಪಟ್ಟಿ ಒಂದು ವಾರ ಮೊದಲೇ ಸಿದ್ಧವಿರುತ್ತಿತ್ತು. ಪ್ರಸಂಗವನ್ನು ಉಪದೇಶಿಗಳು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ನನ್ನ ಬಳಿ ಬಂದು, “ಸಾಮಿಗಳಿಗೆ ಇನ್ನೂ ವಯಸ್ಸು ಚಿಕ್ದು,” ಎಂದರು.

ಅವರ ಬಗ್ಗೆ ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ಸಾಯುವವರ ಪಕ್ಕದಲ್ಲಿ ಕೂತಾಗ ಅವರು ಬೇರೆಯೇ ಮನುಷ್ಯರಾಗುತ್ತಿದ್ದರು. ಕುಡುಕ ಚೌರಪ್ಪ ಹಳದಿ ಕಾಮಾಲೆಯಾಗಿ ಮಲಗಿದ್ದಾಗ ಮೂರು ದಿನ ಅವನ ಕೈ ಹಿಡಿದು ಕೂತಿದ್ದರು. ಅವನಿಗೆ ಗಂಜಿ ಕುಡಿಸಿದವರೂ ಅವರೇ, ಬಾಯಿ ಒರೆಸಿದವರೂ ಅವರೇ. “ನನ್ ಗತಿ ಏನ್ ಉಪದೇಸಿಗಳೇ?” ಎಂದು ಚೌರಪ್ಪ ಕೇಳಿದನಂತೆ. “ನಿಂದು ಯಾವತ್ತೋ ನಿಕ್ಕಿ ಆಗೈತೆ ಸುಮ್ಕಿರ್ಲಾ. ಸೀದಾ ಮೋಕ್ಷ,” ಎಂದರಂತೆ ಇವರು. ಇದನ್ನು ಹೇಳಿದ ಚೌರಪ್ಪನ ಹೆಂಡತಿಯ ಕಣ್ಣಲ್ಲಿ ನೀರಿತ್ತು. ಆ ಮಾತನ್ನು ಅವನು ನಡೆದಾಡುತ್ತಿದ್ದಾಗಲೇ ಒಮ್ಮೆ ಹೇಳಿದ್ದರೆ ಏನಾಗುತ್ತಿತ್ತೋ ಎಂದೂ ಆಕೆ ಸೇರಿಸಿದಳು. ನನ್ನ ಅನುಭವದ ಮಟ್ಟಿಗೆ ಉಪದೇಶಿಗಳ ಕರುಣೆ ಪಡೆಯಲು ಸಾಯುವುದೊಂದೇ ದಾರಿಯಾಗಿತ್ತು.

ನಾನು ಬಿ.ಎ. ಮುಗಿಸಿದ ವರ್ಷ, ಫಲಿತಾಂಶ ಬಂದ ಮೊದಲ ಭಾನುವಾರ, ಪೂಜೆಯ ಕೊನೆಯಲ್ಲಿ ಉಪದೇಶಿಗಳು ಮೈಕಿನ ಬಳಿಗೆ ಬಂದರು. ನನ್ನ ಹೆಸರು ಹೇಳಿ, ನಮ್ಮ ಬೀದಿಯ ಮೊದಲ ಪದವೀಧರೆ ಎಂದರು. ಬೆರಳು ಮೇಲಕ್ಕೆ ಹೋಯಿತು.

“ಈ ಮಗು ಒಂದು ಭಾನುವಾರವನ್ನೂ ತಪ್ಪಿಸಿದ್ದಲ್ಲ. ಮುಂದಿನ ಸಾಲಿನಲ್ಲಿ ಕೂತು ಜ್ಞಾನೋಪದೇಶ ಕಲಿತದ್ದು. ದೇವರು ನೋಡುತ್ತಿದ್ದಾನೆ, ಪ್ರಿಯರೇ. ದೇವರ ದಿನವನ್ನು ದೇವರಿಗೆ ಕೊಟ್ಟವರಿಗೆ ಆತ ಕೊಡುವ ಫಲ ಇದು. ಯಂತ್ರಕ್ಕೆ ಕೊಟ್ಟವರಿಗೆ ಇಂಥ ಫಲ ಸಿಗುತ್ತದೆಯೇ? ನೀವೇ ಯೋಚಿಸಿ.”

ಅವರು ಅದನ್ನು ದ್ವೇಷದಿಂದ ಹೇಳಲಿಲ್ಲ. ಪೂರ್ಣ ಸಂತೋಷದಿಂದ, ಕಣ್ಣಂಚು ಒದ್ದೆ ಮಾಡಿಕೊಂಡು ಹೇಳಿದರು. ನಾನು ಯಾರ ಮಗಳೆಂಬುದು ಆ ಕ್ಷಣದಲ್ಲಿ ಅವರಿಗೆ ನೆನಪಿರಲಿಲ್ಲವೆಂದೇ ನಾನು ನಂಬಿದ್ದೇನೆ. ಹೆಂಗಸರ ಕಡೆಯಲ್ಲಿ ಅವ್ವನ ಜಾಗ ಖಾಲಿಯಿತ್ತು. ಅದು ಸರಕು ಕಳುಹಿಸುವ ವಾರವಾಗಿತ್ತು; ಏಳು ಗಂಟೆಯ ವ್ಯಾನಿಗೆ ಅವಳು ಹೋಗಿದ್ದಳು.

ಜನ ಚಪ್ಪಾಳೆ ತಟ್ಟಿದರು. ಕೆಲವರು ನನ್ನ ಕಡೆ ತಿರುಗಿದರು. ನಾನು ಎದ್ದು, ಪದವೀಧರರು ಹೇಗೆ ವಂದಿಸಬೇಕೋ ಹಾಗೆ, ಎಲ್ಲ ಕಡೆಗೂ ತಿರುಗಿ ಕೈಮುಗಿದು ಕೂತೆ.

ಸಂಜೆ ಅವ್ವ ಬಂದು ಕೈಕಾಲು ತೊಳೆದು, ಮೊರದಲ್ಲಿ ಬೆಳ್ಳುಳ್ಳಿ ಹಾಕಿಕೊಂಡು ಕೂತಳು. ಗುಡಿಯಲ್ಲಿ ಹೇಳಿದ್ದನ್ನೆಲ್ಲ ವ್ಯಾನಿನಿಂದ ಇಳಿಯುವಷ್ಟರಲ್ಲೇ ಯಾರೋ ಅವಳ ಕಿವಿಗೆ ಹಾಕಿದ್ದರು.

“ಅವ್ರು ಹಂಗಂದ್ರಾ?” ಎಂದಳು.

“ಹೂಂ.”

“ಅವ್ರು ಅನ್ನೋರೇ ಬುಡು. ನೀನೇನಂದೆ?”

“ಏನೂ ಅನ್ನಲಿಲ್ಲ,” ಎಂದೆ.

ಅವ್ವನ ಕೈ ನಿಂತಿತು. ಅವಳು ಬೈಯಲಿಲ್ಲ. ನನ್ನ ಮುಖವನ್ನೇ ನೋಡಿದಳು; ಉಪದೇಶಿಗಳು ಕಲಿಸಿದ ಯಾವ ತೀರ್ಪಿನಲ್ಲೂ ನ್ಯಾಯಾಧೀಶರು ಅಷ್ಟು ಹೊತ್ತು ಮಾತಿಲ್ಲದೆ ಇರುತ್ತಿರಲಿಲ್ಲ. ಆಮೇಲೆ ಮೊರವನ್ನು ನನ್ನ ಕಡೆಗೆ ತಳ್ಳಿದಳು.

“ಸುಲಿ,” ಎಂದಳು.